ಅಕ್ಕ ಹೇಳಿದ ಕ್ರೀಕರ ಕಥೆ

ಅಕ್ಕನ ಗದ್ದೆಯನ್ನು ಬಿಟ್ಟುಕೊಡುವ ಮೊದಲು ನಾನು ಅವಳನ್ನು ಒಂದು ಮಾತು ಕೇಳಲಿಲ್ಲ.

ಐವತ್ತರ ದಶಕದಲ್ಲಿ ಅಕ್ಕ ಮೂಡುಬಿದಿರೆಯ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದಳು. ನಾನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವ. ರಜೆಯಲ್ಲಿ ಅವಳು ಬಂಟ್ವಾಳದ ಮನೆಗೆ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸಳೆ ಕೊಯ್ಯುತ್ತಲೇ ನನಗೂ ಪಾಠ ಮಾಡುತ್ತಿದ್ದಳು.

ಅಮೆರಿಕದಲ್ಲಿ ಕ್ರೀಕ್ ಎಂಬ ಮೂಲನಿವಾಸಿಗಳು ಇದ್ದರಂತೆ. ಎಲ್ಲ ಊರಿನವರೂ ಕೂತು ಮಾತಾಡದೆ ಅವರಲ್ಲಿ ನೆಲ ಕೊಡುವಂತಿರಲಿಲ್ಲವಂತೆ. ಹೊಸ ಸರಕಾರದವರು ಕೆಲವು ಮುಖಂಡರನ್ನು ಮಾತ್ರ ಕರೆಸಿ, ಉಣಿಸಿ, ಉಡುಗೊರೆ ಕೊಟ್ಟು, ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯ ಗುರುತು ಹಾಕಿಸಿಕೊಂಡರಂತೆ. ಇಲ್ಲಿಗೆ ಬಂದಾಗ ಅಕ್ಕ ಬಸಳೆ ದಂಟು ಎತ್ತಿ ಹಿಡಿದು ಕೇಳುವಳು, "ಊರಲ್ಲಿ ಉಳಿದವರನ್ನು ಕೇಳಿದ್ರಾ?"

"ಅಮೆರಿಕದ ಜಗಳ ನಮಗೆಂತಕ್ಕೆ ಮಾರಾಯ್ತಿ, ಬಸಳೆ ಪದಾರ್ಥ ಬೇಗ ಆಗ್ಲಿ" ಎಂದು ನಾನು ನಗುತ್ತಿದ್ದೆ.

ನಮ್ಮದು ಅಳಿಯಕಟ್ಟು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿ. ಗದ್ದೆ ಅಕ್ಕನಿಗೆ, ಅವಳ ನಂತರ ಅವಳ ಮಕ್ಕಳಿಗೆ. ನಾನು ನೋಡಿಕೊಳ್ಳುವವ ಮಾತ್ರ. ಆದರೂ ಆ ಗದ್ದೆಯ ಮೇಲೆ ಕಣ್ಣಿಟ್ಟಿದ್ದ ಬೆಳ್ತಂಗಡಿಯ ಧನಿಯೊಬ್ಬರು ಮನೆಗೆ ಕರೆದು, ಪಕ್ಕದಲ್ಲೇ ಕೂರಿಸಿ, ಕೋರಿರೊಟ್ಟಿ ಬಡಿಸಿ, "ಯಜಮಾನ್ರು ನೀವೇ ಅಲ್ವಾ? ನೀವು ಹೇಳಿದ್ರೆ ಆಯ್ತು" ಎಂದಾಗ ನಾನು ಉಬ್ಬಿಹೋದೆ. ಅವರ ಕೈಯಿಂದ ಒಪ್ಪಿಗೆಯ ವೀಳ್ಯ ತೆಗೆದುಕೊಂಡು, ತೋಡಿನ ಬದಿಯ ಗದ್ದೆ ನಿಮಗೇ ಎಂದುಬಿಟ್ಟೆ.

ಸುದ್ದಿ ಕೇಳಿ ಅಕ್ಕ ಬೈಯಲಿಲ್ಲ. "ಊಟ ಒಳ್ಳೆದಿತ್ತಾ?" ಎಂದಳು, ಅಷ್ಟೆ. ಆಮೇಲೆ ನನಗೆ ಪಾಠ ಮಾಡುವುದನ್ನೇ ಬಿಟ್ಟಳು.

ಎಷ್ಟೋ ವರ್ಷ ಕಳೆದ ಮೇಲೆ, ಅವಳ ಮಕ್ಕಳೆಲ್ಲ ಕೂತಿದ್ದಾಗ, ನಾನು ಬಾಯಿಬಿಟ್ಟು ಹೇಳಿದೆ: "ಅಕ್ಕಾ, ಗದ್ದೆ ನಿನ್ನದು, ಈ ಮಕ್ಕಳದ್ದು. ಕೊಡ್ಲಿಕ್ಕೆ ನಾನು ಯಾರು? ನನ್ನಿಂದ ತಪ್ಪಾಯಿತು."