ಚುಕ್ಕಿ ಇಲ್ಲದ ಬೆಸುಗೆ

ಕಳೆದ ಭಾನುವಾರ ಬೆಳಗ್ಗೆ ಗಿಟಾರಿನ ಪವರ್ ಆಂಪ್ಲಿಫೈಯರ್ ಹಾಕಿದ ಕೂಡಲೇ ಸುಟ್ಟ ಧೂಳಿನ ವಾಸನೆ ಬಂತು. ಮೂರು ವಾರದಿಂದ ಬಿಡದೆ ಮಳೆ. ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಒಗೆದ ಬಟ್ಟೆಯೇ ಒಣಗುತ್ತಿರಲಿಲ್ಲ. ಒಳಗೆ ತೇವ ಸೇರಿರಬೇಕೆಂದು ಸ್ವಿಚ್ ಆರಿಸಿ, ವೈರು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಧೂಳಿನ ಹಿಂದೆಯೇ ಇನ್ನೊಂದು ವಾಸನೆ ಎದ್ದಿತು. ಬೆಸುಗೆ ಹಾಕುವಾಗ ಏಳುವ, ಮೂಗಿಗೆ ತುಸು ಸಿಹಿಯಾಗಿ ಹತ್ತುವ ರಾಳದ ವಾಸನೆ. ಅದು ಇಷ್ಟು ವರ್ಷ ಆ ಡಬ್ಬಿಯಲ್ಲಿತ್ತೋ, ನನ್ನ ತಲೆಯಲ್ಲಿತ್ತೋ... ಒಳಗಿದ್ದ ಒಂದೊಂದು ಬೆಸುಗೆಯ ಮೇಲೂ ಕೆಂಪು ನೇಲ್ ಪಾಲಿಶಿನ ಚುಕ್ಕಿ. ಒಂದರ ಮೇಲೆ ಮಾತ್ರ ಇಲ್ಲ. ಅದನ್ನೇ ನೋಡುತ್ತ ನೆಲದ ಮೇಲೆ ಕೂತುಬಿಟ್ಟೆ.

ಆ ಚುಕ್ಕಿಗಳನ್ನಿಟ್ಟವರನ್ನು ನಮ್ಮ ರಸ್ತೆಯವರೆಲ್ಲ ‘ಮೈಕ್‌ಸೆಟ್ ತಾತಾ’ ಎನ್ನುತ್ತಿದ್ದರು. ನಾನು ‘ಮಾಮ’ ಎನ್ನುತ್ತಿದ್ದೆ. ಅವರ ತಂದೆ ಕೋಲಾರದ ಕಡೆಯಿಂದ ಪೆರಂಬೂರಿಗೆ ರೈಲ್ವೆ ಕೆಲಸಕ್ಕೆ ಬಂದವರು. ಮಾಮ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಮದುವೆ ಮನೆಗೆ, ಗುಡಿಯ ಉತ್ಸವಕ್ಕೆ, ಚುನಾವಣೆಯ ಆಟೋಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟೇ ಅವರ ತಲೆ ನರೆತಿತ್ತು. ಅಂಗಡಿಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಹಳೆಯ ನೆರೆಯ ಗುರುತಿತ್ತು. ಬೆಲೆಬಾಳುವ ಸಾಮಾನೆಲ್ಲ ಅದಕ್ಕಿಂತ ಮೇಲಿನ ಹಲಗೆಯಲ್ಲಿರುತ್ತಿತ್ತು. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ತುಮಕೂರಿನಿಂದ ಬಂದ ಹೊಸತು. ಟೇಬಲ್ ಫ್ಯಾನು ಹಿಡಿದು ಅವರ ಅಂಗಡಿಗೆ ಹೋದಾಗ ಕಾದ ಸಾಲ್ಡರಿಂಗ್ ಕಡ್ಡಿ ಅವರ ಕೈಗೆ ತಗುಲಿತು. “ಅಯ್ಯೋ ಇದರ ಮನೆ ಹಾಳಾಗ!” ಎಂದರು. ಆ ಕನ್ನಡದ ಬೈಗುಳದಿಂದಲೇ ನಮ್ಮ ಪರಿಚಯವಾಯಿತು.

ಅವರದೊಂದು ತಮಾಷೆಯಿತ್ತು. ಗಿರಾಕಿಗಳು ಕೆಟ್ಟ ರೇಡಿಯೋವನ್ನೋ ಸ್ಪೀಕರನ್ನೋ ತಂದಿಟ್ಟು “ಸತ್ತಂ ಇಲ್ಲೆ” ಎನ್ನುತ್ತಿದ್ದರು. ತಮಿಳಿನಲ್ಲಿ ಸತ್ತಂ ಎಂದರೆ ಸದ್ದು. ಅವರು ಆಚೆ ಹೋಗುವುದೇ ತಡ, ಮಾಮ ನನ್ನ ಕಡೆ ತಿರುಗುತ್ತಿದ್ದರು. “ನೋಡಿ ಸಾರ್, ಸತ್ತಿಲ್ಲ ಅಂತ ಅವನೇ ಹೇಳ್ತಾನೆ. ಸತ್ತಿಲ್ಲ ಅಂದ್ಮೇಲೆ ಬದುಕೈತೆ ತಾನೆ? ಮತ್ಯಾಕ್ ತಂದ?” ಎಂದು ತಾವೇ ಮೊದಲು ನಗುತ್ತಿದ್ದರು. ಮೊದಲ ಹತ್ತು ಸಲ ನಾನೂ ನಿಜವಾಗಿ ನಕ್ಕೆ. ಆಮೇಲಿನದೆಲ್ಲ ಮರ್ಯಾದೆಯ ನಗು. ಮರ್ಯಾದೆಗೆ ನಗುವ ಈ ಚಟ ನನಗೆ ಹುಟ್ಟಿನಿಂದ ಬಂದದ್ದು.

ಬ್ಯಾಂಕಿನ ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೆವು. ನನ್ನದು ಗಿಟಾರು. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಡಿಜಿಟಲ್ ಮಾಡೆಲರ್ ಕೊಂಡೆ. ಕಾಲಿನಿಂದ ಒತ್ತುವ ಡಬ್ಬಿ ಅದು. ಒಳಗಿನ ಕಂಪ್ಯೂಟರು ಹತ್ತಾರು ಹಳೆಯ ಗಿಟಾರ್ ಆಂಪ್ಲಿಫೈಯರುಗಳ ದನಿಯನ್ನು ತದ್ರೂಪು ಅನುಕರಿಸುತ್ತದೆ. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಹೆಂಡತಿ ಗೊಣಗಿದಳು. ಆದರೆ ಡಬ್ಬಿ ಅನುಕರಿಸುತ್ತದೆಯೇ ಹೊರತು ಅದಕ್ಕೆ ಶಕ್ತಿಯಿಲ್ಲ. ಸ್ಪೀಕರು ಗುಡುಗಬೇಕಾದರೆ ನಡುವೆ ಒಂದು ಪವರ್ ಆಂಪ್ಲಿಫೈಯರ್ ಬೇಕು. ಅದೂ ಎಂಥದ್ದು? ಬಂದ ದನಿಯನ್ನು ದೊಡ್ಡದು ಮಾಡಬೇಕು, ತನ್ನದೆಂದು ಏನೂ ಸೇರಿಸಬಾರದು. ಸಕ್ಕರೆ ಹಾಕಿದ ಕಾಫಿಗೆ ಮತ್ತೆ ಸಕ್ಕರೆ ಯಾರಿಗೆ ಬೇಕು?

ಇದನ್ನೆಲ್ಲ ವಿವರಿಸಿ ಹೇಳಿದಾಗ ಮಾಮ ಬಹಳ ಹೊತ್ತು ಆ ಡಬ್ಬಿಯನ್ನು ಮಗುಚಿ ಮಗುಚಿ ನೋಡಿದರು.

“ಅಂದ್ರೆ ವಿರಲು ನಿಮ್ದು, ದನಿ ಈ ಡಬ್ಬಿದು. ನಂದು ಬರೀ ತೋಳು.” ವಿರಲು ಎಂದರೆ ತಮಿಳಿನಲ್ಲಿ ಬೆರಳು.

“ಹಾಗಲ್ಲ ಮಾಮ...”

“ಹಾಗೇ ಸಾರ್. ನಲವತ್ತು ವರ್ಷ ನನ್ ಸೆಟ್ಟು ಪಾಡಿದ್ರೆ ತೆರು ಕೊನೇಲಿ ನಿಂತವನೂ ‘ಇದು ತಾತಾ ಸೆಟ್ಟು’ ಅಂತಿದ್ದ. ಈಗ ನನ್ ದನಿ ಎಲ್ಲೂ ಬರಕೂಡದು ಅಂತೀರಿ. ಪರವಾಗಿಲ್ಲ. ಅದನ್ನೂ ಮಾಡಿ ಕಾಣಿಸ್ತೀನಿ.” ತೆರು ಎಂದರೆ ಬೀದಿ.

ಸ್ಕೂಟರಿನಲ್ಲಿ ಹೊರುವಷ್ಟು ಹಗುರವಾಗಿರಲಿ ಎಂದು ಬೇರೆ ಹೇಳಿದ್ದೆ. ಭಾರದ ಟ್ರಾನ್ಸ್‌ಫಾರ್ಮರ್ ಬಿಟ್ಟು, ತಾವು ಎಂದೂ ಕೈಹಾಕದ ಹೊಸ ಬಗೆಯ ಹಗುರವಾದ ಪವರ್ ಸಪ್ಲೈ ಹಾಕಿ, ಎರಡು ತಿಂಗಳು ಅದರ ಮೇಲೆ ಕೂತರು. ಪ್ರತಿ ತಂತಿಯನ್ನೂ ಒಂದೂವರೆ ಸುತ್ತು ಸುತ್ತಿ ಬೆಸುಗೆ ಹಾಕುವುದು, ಆನ್ ಮಾಡಿ ಪರೀಕ್ಷಿಸುವುದು, ಸರಿಯೆನಿಸಿದ ಮೇಲೆ ತಮ್ಮ ಮಗಳ ಹಳೆಯ ನೇಲ್ ಪಾಲಿಶಿನಿಂದ ಒಂದು ಚುಕ್ಕಿ. ಚುಕ್ಕಿ ಬಿತ್ತೆಂದರೆ ಅದಕ್ಕೆ ಅವರು ಜವಾಬ್ದಾರಿ. ಪರೀಕ್ಷಿಸುವಾಗ ಸ್ಪೀಕರಿನ ಕಾಗದದ ಮೇಲೆ ಬೆರಳ ತುದಿಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಎಂಥ ಪಳಗಿದ ಕೈ ಎಂದುಕೊಂಡಿದ್ದೆ ನಾನು. ಹೆಂಗಸರು, ಮಕ್ಕಳು ಏನಾದರೂ ಕೇಳಿದರೆ “ಆಂ?” ಎಂದು ಎರಡೆರಡು ಸಲ ಕೇಳುವುದನ್ನು ನೋಡಿದ್ದರೂ ಎರಡನ್ನೂ ಕೂಡಿಸಿ ಯೋಚಿಸಿರಲಿಲ್ಲ.

ಕೆಲಸ ಮುಗಿದ ದಿನ ಸ್ಪೀಕರಿಗೆ ಜೋಡಿಸಿ ಹಾಕಿದರು. ದನಿ ಚೊಕ್ಕವಾಗಿತ್ತು, ತೋಳಿಗೆ ಬಲವೂ ಇತ್ತು. ಆದರೆ ಅದರ ಮೇಲೆ ಕೂದಲೆಳೆಯಂಥ ಒಂದು ಕೀರಲು... ಕೀ ಎಂದು, ಎಲ್ಲಿಂದಲೋ, ನಿಲ್ಲದೆ. ನಾನು ಮಾಮನ ಮುಖ ನೋಡಿದೆ. ಅವರು ಬೆರಳನ್ನು ಸ್ಪೀಕರಿನ ಮೇಲಿಟ್ಟುಕೊಂಡೇ ಮುಗುಳ್ನಗುತ್ತಿದ್ದರು.

“ಹೆಂಗೈತೆ ಸಾರ್? ಏನಾದ್ರೂ ಕುರೈ ಇದ್ರೆ ಈಗ್ಲೇ ಹೇಳಿ.”

ಕುರೈ ಎಂದರೆ ಕೊರತೆ. ಈಗಲೇ ಹೇಳಿ ಎಂದು ಬಾಯಿಬಿಟ್ಟು ಕೇಳಿದ್ದರು. “ಫಸ್ಟ್ ಕ್ಲಾಸ್ ಮಾಮ” ಎಂದೆ. ಕೊನೆಯ ಚುಕ್ಕಿಯೂ ಬಿತ್ತು.

ನಮ್ಮ ಕಾರ್ಯಕ್ರಮದ ದಿನ ಅವರು ಗಂಜಿ ಹಾಕಿದ ಪಂಚೆಯುಟ್ಟು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಕೂತ ಮಕ್ಕಳು ಕಿವಿ ಮುಚ್ಚಿಕೊಂಡವು. ತಮ್ಮ ಸೆಟ್ಟಿನ ಆರ್ಭಟಕ್ಕೆ ಮಕ್ಕಳು ಬೆದರಿದವೆಂದು ಅವರಿಗೆ ಹೆಮ್ಮೆ. ನಡುವೆ ನಾನು ಎರಡು ಸ್ವರ ತಪ್ಪಿಸಿದೆ; ಇಳಿದು ಬಂದು ಸೆಟ್ಟು ಬಿಸಿಯಾಗಿತ್ತೆಂದು ನೆಪ ಹೇಳಿದಾಗ “ಕುಣಿಲಾರದವಳು ನೆಲ ಡೊಂಕು ಅಂದಳಂತೆ” ಎಂದು ಬೆನ್ನು ಚಪ್ಪರಿಸಿದರು. ಅಷ್ಟು ಸಂತೋಷದಲ್ಲಿ ಅವರನ್ನು ಮತ್ತೆ ನೋಡಲಿಲ್ಲ.

ಮರುವಾರ ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಆಂಪ್ಲಿಫೈಯರನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು, ಅವರ ಅಂಗಡಿಯ ಮುಂದೆ ಹೋಗದೆ ಸುತ್ತುಬಳಸಿ, ಪೋರೂರಿನ ಇನ್ನೊಬ್ಬ ರಿಪೇರಿಯವನ ಬಳಿಗೆ ಒಯ್ದೆ. ಅವನು ಹತ್ತು ನಿಮಿಷದಲ್ಲಿ ಒಂದು ತಂತಿಯ ಜಾಗ ಬದಲಿಸಿ ಹೊಸದಾಗಿ ಬೆಸುಗೆ ಹಾಕಿದ. ಕೀರಲು ನಿಂತಿತು. ಮಾಮನ ಮನಸ್ಸನ್ನು ಉಳಿಸಿದೆ ಎಂದು ಬೀಗುತ್ತ ಮನೆಗೆ ಬಂದೆ. ಇಷ್ಟಕ್ಕೇ ಬಿಡದೆ ಬ್ಯಾಂಡಿನ ಗೆಳೆಯರಲ್ಲೆಲ್ಲ ಅವರನ್ನು ಹೊಗಳಿಕೊಂಡು ತಿರುಗಿದೆ. ಆ ಹೊಗಳಿಕೆ ಕೇಳಿ ಶೋಳಿಂಗನಲ್ಲೂರಿನ ಐಟಿ ಕಂಪನಿಗಳಲ್ಲಿ ಗಿಟಾರು ಬಾರಿಸುವ ಮೂವರು ತಮಗೂ ಅಂಥದ್ದೇ ಬೇಕೆಂದು ಮಾಮನ ಬಳಿಗೆ ಹೋದರು. ಮುದುಕರು ಮತ್ತೆ ಇಪ್ಪತ್ತೈದರವರಾದರು. ನನ್ನದನ್ನು ಕಟ್ಟಿದಂತೆಯೇ ಮೂರನ್ನೂ ಕಟ್ಟಿದರು. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ.

ಮೂರೂ ವಾಪಸು ಬಂದವು. ಅವರಲ್ಲೊಬ್ಬ ಬೀದಿಯಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, “ತಾತಾ, ಇದು ಕೀನ್ನು ಕತ್ತುದು. ಉಂಗಳುಕ್ಕು ಕಾದೇ ಕೇಕ್ಕಾದಾ?” ಎಂದನಂತೆ. ಇದು ಕೀ ಎಂದು ಕಿರುಚುತ್ತಿದೆ, ನಿಮಗೆ ಕಿವಿಯೇ ಕೇಳುವುದಿಲ್ಲವೇ ಎಂದು.

ಮಾಮ ಆ ಸಂಜೆ ಮೊದಲ ಸಲ ನಮ್ಮ ಮನೆಗೆ ಬಂದರು. ಕಾಫಿ ಬೇಡವೆಂದರು. “ನಿಮ್ದು ಮಾತ್ರ ಸರಿಯಾಗಿ ಐತಲ್ಲ ಸಾರ್, ಅದರಲ್ಲಿ ಏನು ಮಾಡಿದ್ದೆ ಅಂತ ನೋಡ್ಬೇಕು” ಎಂದು ಸ್ಕ್ರೂಡ್ರೈವರ್ ತೆಗೆದರು. ಮುಚ್ಚಳ ತೆಗೆದು, ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದೇ ಬೆಸುಗೆಯನ್ನು ಮುಟ್ಟುತ್ತ ಹೋದರು. ಬೆರಳು ಒಂದು ಕಡೆ ನಿಂತಿತು.

“ಇದು ನನ್ ಕೈಯಲ್ಲ.”

ಬೆರಳೆತ್ತದೆ ನನ್ನ ಕಡೆ ತಿರುಗಿದರು.

“ನಿಮಗೆ ಕೇಳಿಸ್ತಿತ್ತಾ?”

“ಹೂಂ.”

“ಮೊದಲ್ನೇ ದಿನಾನೇ?”

“ಹೂಂ ಮಾಮ.”

ಅವರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. “ಅವನು ತೆರುವಲ್ಲಿ ನಿಂತು ತಮಿಳಲ್ಲಿ ಹೇಳೋಕ್ಮುಂಚೆ, ನೀವು ಅಂಗಡಿ ಒಳಗೆ ಕನ್ನಡದಲ್ಲಿ ಹೇಳ್ಬಹುದಾಗಿತ್ತಲ್ಲ ಸಾರ್” ಎಂದರು, ಅಷ್ಟೆ. ನೇಲ್ ಪಾಲಿಶಿನ ಸೀಸೆ ಅವರ ಜೇಬಿನಲ್ಲೇ ಇತ್ತು. ಹೊರಗೆ ತೆಗೆದರು, ಅದರ ಮುಚ್ಚಳ ತಿರುಗಿಸಿದರು, ಆ ಬೆಸುಗೆಯ ಮೇಲೆ ಬಗ್ಗಿದರು. ಹಾಗೇ ನಿಂತು, ಮತ್ತೆ ಮುಚ್ಚಿಟ್ಟರು. “ಕೆಲಸ ಚೆನ್ನಾಗಿ ಮಾಡವ್ನೆ. ಆದ್ರೆ ಚುಕ್ಕಿ ಇಡ್ಬೇಕಾದ್ರೆ ನನಗೆ ಕೇಳಿಸ್ಬೇಕು.” ನಾಲ್ಕು ಸ್ಕ್ರೂಗಳನ್ನೂ ಬಿಗಿಯಾಗಿ ತಿರುಗಿಸಿ ಎದ್ದುಹೋದರು.

ಅಂಗಡಿ ಅದಾದ ಮೇಲೂ ತೆರೆದಿರುತ್ತಿತ್ತು. ಬಲ್ಬು, ವೈರು, ಪ್ಲಗ್ಗು ಮಾರುತ್ತಿದ್ದರು. ರಿಪೇರಿಗೆಂದು ಯಾರಾದರೂ ಬಂದರೆ “ಅದೆಲ್ಲ ನಿರುತ್ತಿಯಾಚ್ಚು” ಎಂದು, ಅದೆಲ್ಲ ನಿಲ್ಲಿಸಿಯಾಯಿತೆಂದು, ಕಳಿಸುತ್ತಿದ್ದರು. “ಸತ್ತಂ ಇಲ್ಲೆ” ಎಂದವರಿಗೂ ಅದೇ ಉತ್ತರ. ನನ್ನ ಕಡೆ ತಿರುಗಿ ನಗುತ್ತಿರಲಿಲ್ಲ. ಹೋದರೆ “ಬನ್ನಿ ಸಾರ್” ಎನ್ನುತ್ತಿದ್ದರು, ಬೇಕಾದ ಬಲ್ಬು ಕೊಡುತ್ತಿದ್ದರು. ನಾನೇ ಹೋಗುವುದನ್ನು ಕಡಿಮೆ ಮಾಡಿದೆ. ಒಂದು ದಿನ ಆ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಬಂದಿತ್ತು. ಮಗಳ ಮನೆಗೆ ಹೋದರೆಂದು ಟೀ ಅಂಗಡಿಯವನು ಹೇಳಿದ. ಹೋಗಿ ನೋಡಿಬರಬೇಕು, ತಪ್ಪಾಯಿತೆಂದು ಹೇಳಬೇಕು ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು. ಅವರು ತೀರಿಕೊಂಡ ಸುದ್ದಿಯೂ ಅದೇ ಟೀ ಅಂಗಡಿಯಲ್ಲಿ, ಆಗಿ ನಾಲ್ಕು ತಿಂಗಳ ಮೇಲೆ, ಚಿಲ್ಲರೆ ಎಣಿಸುವಾಗಿನ ಮಾತಿನಲ್ಲಿ ಸಿಕ್ಕಿತು. ಅವತ್ತು ಟೀ ಕುಡಿಯದೆ ಬಂದೆ.

ಕಳೆದ ಭಾನುವಾರ ಧೂಳು ಒರೆಸಿ, ಮುಚ್ಚಳ ಹಾಕಿ, ಮತ್ತೆ ಆನ್ ಮಾಡಿದೆ. ವಾಸನೆ ಹೋಗಿತ್ತು. ದನಿ ಎಂದಿನಂತೆ ಚೊಕ್ಕವಾಗಿತ್ತು. ಪ್ರತಿ ಭಾನುವಾರದ ಹಾಗೆ ಒಂದು ಗಂಟೆ ಬಾರಿಸಿದೆ. ನೀರು ಕುಡಿಯಲು ಎದ್ದಾಗ ಕಂಡಿತು, ಮಗಳ ಕೋಣೆಯ ಬಾಗಿಲು ಹಾಕಿತ್ತು. ಅವಳಿಗೀಗ ಹದಿನಾರು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುವುದು ನಮ್ಮ ಮನೆಯ ವಾಡಿಕೆ. ಬಾಗಿಲು ತಟ್ಟಿ, ಭಾನುವಾರ ಬಂದರೆ ಯಾಕಮ್ಮ ಬಾಗಿಲು ಹಾಕಿಕೊಳ್ತೀಯಾ ಎಂದೆ.

“ಒಣ್ಣುಮಿಲ್ಲೆಪ್ಪಾ” ಎಂದಳು ಮೊದಲು, ಏನಿಲ್ಲವೆಂದು. ಎರಡನೆಯ ಸಲ ಕೇಳಿದಾಗ ಮುಖ ತಗ್ಗಿಸಿ, “ಅದುಲೆ ಕೀನ್ನು ಒರು ಸತ್ತಂ ವರುದುಪ್ಪಾ” ಎಂದಳು.

ಅದರಲ್ಲಿ ಕೀ ಎಂದು ಒಂದು ಸದ್ದು ಬರುತ್ತದಂತೆ. ಹಿಂತಿರುಗಿ ಹೋಗಿ ಸ್ಪೀಕರಿನ ಹತ್ತಿರ ಕಿವಿಯಿಟ್ಟೆ. ಏನೂ ಇರಲಿಲ್ಲ. ಬೆರಳಿಟ್ಟೆ. ಅಲ್ಲೂ ಏನಿಲ್ಲ.

“ಯಾವಾಗಿಂದ?”

“ರೊಂಬ ನಾಳಾ.” ಬಹಳ ದಿನದಿಂದ.

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀ ಫೀಲ್ ಪಣ್ಣುವೇನ್ನು ದಾನ್‌ಪ್ಪಾ...” ನೀನು ನೊಂದುಕೊಳ್ಳುತ್ತೀಯೆಂದು.

ನಾನು ಬಗ್ಗಿ ಸ್ವಿಚ್ ಆರಿಸಿದೆ. “ಇಪ್ಪೊ ನಿನ್ನುಡುಚ್ಚು” ಎಂದಳು. ಈಗ ನಿಂತಿತಂತೆ. ನನಗೆ ಮೊದಲಿಗೂ ಈಗಿನದಕ್ಕೂ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.