ಬಾಜಾ ಇಲ್ಲದ ಲಗ್ನ

ಬಬಲೇಶ್ವರದ ಲಕ್ಕವ್ವನಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಎಪ್ಪತ್ನಾಲ್ಕನೇ ಇಸವಿಯ ಮಾಘದಲ್ಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗುತ್ತಿದ್ದಳು. ಮಗಳು ಸಾವಂತ್ರವ್ವನ ಲಗ್ನ ವಾರದೊಳಗಿತ್ತು, ನಿಜ. ಆದರೆ ಆಕೆ ಓಡಾಡುತ್ತಿದ್ದದ್ದು ಲಗ್ನದ ಕೆಲಸಕ್ಕಲ್ಲ. ಹಿತ್ತಲ ಬೇವಿನ ಮರಕ್ಕೂ ಅದರಾಚೆಯ ಉಳ್ಳಾಗಡ್ಡಿ ಮಡಿಗೂ ನಡುವೆ.

ಆ ಉಳ್ಳಾಗಡ್ಡಿ ಆಕೆಯ ತವರಿನದು. ಲಗ್ನವಾಗಿ ಬರುವಾಗ ಅವ್ವ ಬೀಜವನ್ನು ಉಡಿಯಲ್ಲಿ ಕಟ್ಟಿ ಕಳಿಸಿದ್ದಳು. ಉಳ್ಳಾಗಡ್ಡಿ ಬೀಜಕ್ಕೆ ಆಯುಸ್ಸು ಒಂದೇ ವರ್ಷ. ಹಿಂದಿನ ಬರಗಾಲದಲ್ಲಿ ಹೊಸ ಬೀಜ ಕಟ್ಟಲಿಲ್ಲ. ಬಾವಿ ತಳದ ನೀರು ಹೊತ್ತು ಬದುಕಿಸಿದ ಒಂದು ಬುಟ್ಟಿ ಗಡ್ಡೆಯಷ್ಟೇ ಉಳಿದಿತ್ತು. ಅದನ್ನೇ ಬೀಜಕ್ಕೆಂದು ನೆಟ್ಟರೆ, ಮಾಘದಲ್ಲೇ ಚೈತ್ರದ ಬಿಸಿಲು ಬಿದ್ದು ಹೂವು ಅವಸರದಲ್ಲಿ ಅರಳಿತು. ಜೇನು ಕೂತರೆ ಕಾಳು, ಇಲ್ಲದಿದ್ದರೆ ಜೊಳ್ಳು. ಸುತ್ತಿನ ಜೇನೆಲ್ಲ ಬರದಲ್ಲಿ ಎತ್ತಲೋ ಹೋಗಿ, ಬೇವಿನ ಮರದಲ್ಲಿ ಒಂದೇ ಒಂದು ಹೆಜ್ಜೇನಿನ ಹುಟ್ಟು ಉಳಿದಿತ್ತು. ಅದರ ಪಕ್ಕದಲ್ಲೇ ಲಗ್ನದ ಹಂದರ.

"ನಾಳಿ ಸಂಜಿಗೆ ದೀವಟಿಗಿ ಹಿಡದ ಸುಟ್ಟಬಿಡ್ತೇನಿ," ಎಂದ ಗಂಡ ಸಿದ್ದರಾಯ. "ಬಾಜಾ ಸಪ್ಪಳಕ್ಕ ಎದ್ದು ಬೀಗರನ್ನ ಕಡದ್ರ ಯಾರ ಹೊಣಿ?"

ಅವನ ಮಾತು ಸುಳ್ಳೇನಲ್ಲ. ಎದ್ದ ಹೆಜ್ಜೇನು ಅಳಿಯ, ಅಯ್ಯನೋರು ಎಂದು ಮುಖ ನೋಡುವುದಿಲ್ಲ.

"ಅವು ಹೋದ್ರ ನಮ್ಮವ್ವನ ಬೀಜಾನೂ ಹೋತ್ರಿ. ಒಂದ ದಿನ ತಡೀರಿ."

ಬೆಳಗಿನ ಮೊದಲ ಬಸ್ಸಿಗೆ ಬೀಗರ ಊರು ತಿಕೋಟಾಕ್ಕೆ ಹೋದಳು. ಹಂದರವನ್ನು ಮುಂಬಾಗಿಲಿಗೆ ಸರಿಸುವುದು, ಹೊಗೆ ತಾಗದಂತೆ ಅಡುಗೆಯ ಒಲೆಯನ್ನು ಹೊಲದಲ್ಲಿ ಹೂಡುವುದು ತಮ್ಮ ಕೈಯಲ್ಲಿತ್ತು. ಬಾಜಾ ಮಾತ್ರ ಬೀಗ ರಾಮಲಿಂಗನದು. ಅವನೋ, ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಬ್ಯಾಂಡು ಗೊತ್ತು ಮಾಡಿ ಊರೆಲ್ಲ ಹೇಳಿಕೊಂಡು ಬಂದಿದ್ದ.

"ಬಾಜಾ ಇಲ್ಲದ ಲಗ್ನ ಎಲ್ಲ್ಯಾರ ಕಂಡೀರೇನ್ರಿ ಅಕ್ಕಾರ? ಮಂದಿ ಏನ ಅಂದಾರು?"

"ಅಂದದ್ದೆಲ್ಲಾ ನನಗ ಇರ್ಲಿ, ಬೀಗರ. ಆ ಬೀಜ ನಾಳಿ ನಿಮ್ಮ ಸೊಸಿ ಉಡಿಗೇ ಬರತೈತಿ."

ರಾಮಲಿಂಗ ಬಹಳ ಹೊತ್ತು ಮೀಸೆ ತಿರುವಿದ. ಕೊನೆಗೆ, ಬ್ಯಾಂಡು ತಿಕೋಟಾದ ಅಗಸಿ ಬಾಗಿಲ ತನಕ ಬಾರಿಸಿ ಹಿಂದಿರುಗಲಿ ಎಂದ. ಲಗ್ನ ಮುಗಿಯುವ ತನಕ ಅವನ ಮುಖದ ಗಂಟು ಬಿಚ್ಚಲಿಲ್ಲ.

ಅಕ್ಕಿಕಾಳು ಬೀಳುವಾಗ ಬಂದ ಮಂದಿಯೆಲ್ಲ ಮದುಮಕ್ಕಳನ್ನು ನೋಡಿದರು. ಹಡೆದವ್ವ ಮಾಳಿಗೆಯಾಚೆ ಕಾಣುವ ಬೇವಿನ ತುದಿಯನ್ನೇ ನೋಡುತ್ತಿದ್ದಳು. ಹುಟ್ಟು ಅಲುಗಲಿಲ್ಲ. ಆದರೆ ಮಗಳ ಲಗ್ನವನ್ನು ಕಣ್ತುಂಬ ನೋಡಲಿಲ್ಲವೆಂಬ ಸಂಕಟ ಲಕ್ಕವ್ವನಿಗೆ ಉಳಿದೇ ಹೋಯಿತು.

ತಿಂಗಳು ತುಂಬುವ ಮೊದಲೇ ಬಿಸಿಲು ತಾಳದೆ ಜೇನು ಎದ್ದು ಹೋದವು. ಅಷ್ಟರಲ್ಲಿ ಹೂವು ಕಾಳು ಹಿಡಿದಿತ್ತು. ಮಡಿಯೆಲ್ಲ ಬಡಿದರೂ ಸಿಕ್ಕದ್ದು ಎರಡು ಬೊಗಸೆ.

ನಾಗರಪಂಚಮಿಗೆ ಮಗಳು ಬಂದಾಗ ಲಕ್ಕವ್ವ ಅದರಲ್ಲಿ ಒಂದು ಬೊಗಸೆಯನ್ನು ಉಡಿಗೆ ಸುರಿದಳು.

"ಇಷ್ಟ್ಯಾಕ ಬೇ ಯವ್ವಾ? ನಿನಗ ಸಾಲೂದಿಲ್ಲ."

"ಬರೂ ವರ್ಷ ಜೇನ ಇಲ್ಲಿಗೆ ಬರ್ತಾವೋ ನಿಮ್ಮೂರಿಗೆ ಹೋಗ್ತಾವೋ, ಯಾರ ಕಂಡಾರ? ಎರಡೂ ಕಡಿ ಹೂ ಇರ್ಲಿ."

ಮಗಳ ಉಡಿಯ ಗಂಟು ಬಿಗಿದು ಎದ್ದ ಲಕ್ಕವ್ವ ಮತ್ತೆ ಹಿತ್ತಲ ಬಾಗಿಲಿಗೆ ಹೋಗಿ, ಖಾಲಿ ಕೊಂಬೆ ನೋಡುತ್ತ ನಿಂತಳು.

"ನಿಮ್ಮ ಕಡಿ ಬಂದ್ರ ಹೇಳಿ ಕಳಸು, ಸಾವಂತ್ರಿ. ಬರ್ಲಿಲ್ಲಂದ್ರೂ ಹೇಳಿ ಕಳಸು."