ನಾನು ಓದದೆ ಬಿಟ್ಟ ಪುಟ

"ಪಾತ್ರೆ ಹೊರೋರ ಮನೇಲಿ ಡಿಗ್ರಿಯಾ? ಆಗೋ ಮಾತಾ ಇದು?" ಎಂದು ನಕ್ಕವರು ನನ್ನ ಅಪ್ಪ. ಕಾಲೇಜಿನ ಅರ್ಜಿ ತಂದುಕೊಟ್ಟವರು ನೀವು, ಚಿಕ್ಕಪ್ಪ. ಆ ಓದಿನಿಂದಲೇ ನಾನು ನಿಮಗೆ ಮೋಸ ಮಾಡಿದೆ. ನಿಮ್ಮನ್ನು ಅಂಗಡಿಯಿಂದ ಹೊರಹಾಕಿದ್ದು ಅಪ್ಪನೂ ಅಲ್ಲ, ಕೋರ್ಟೂ ಅಲ್ಲ — ನಾನು.

ವೆಸ್ಟ್ ಮಾಂಬಲಂನ ಪಾತ್ರೆ ಬಾಡಿಗೆ ಅಂಗಡಿಗೆ ನೀವಿಬ್ಬರು ಅಣ್ಣತಮ್ಮಂದಿರೇ ಪಾಲುದಾರರು. ಮದುವೆಮನೆಗಳಿಗೆ ಕೊಳಗ, ಹಂಡೆ ಹೊತ್ತು ಬೆಳೆಸಿದ ವ್ಯಾಪಾರ. ಇಂಗ್ಲಿಷ್ ಕಾಗದ ಯಾವುದೇ ಬರಲಿ, ನಾನು ಕನ್ನಡದಲ್ಲಿ ಓದಿ ಹೇಳಿ, ಕೊನೆಗೆ "ಸರಿಯಿದೆ" ಅನ್ನಬೇಕು. ಆಮೇಲೆಯೇ ನಿಮ್ಮಿಬ್ಬರ ರುಜು. ನಾನು ಡಿಗ್ರಿ ಮುಗಿಸಿದಾಗಿನಿಂದ ಅದೇ ಮನೆಯ ಪದ್ಧತಿ. ನನಗೆ ಅದೆಷ್ಟು ಹೆಮ್ಮೆ —

ಅವತ್ತು ಅಪ್ಪ ಒಂದು ಇಂಗ್ಲಿಷ್ ಪತ್ರ ಹಿಡಿದುಕೊಂಡು ಮೊದಲ ಸಲ ನನ್ನ ಪಕ್ಕ ಕೂತು, "ಓದಿದೋಳು ನೀನು, ನಿಂಗಲ್ದೆ ಇನ್ಯಾರ್ಗೆ ಅರ್ಥ ಆಗುತ್ತೆ?" ಎಂದರು. ಆಮೇಲೆ ಮೆಲ್ಲಗೆ, "ಎರಡನೇ ಪುಟ ಬಿಟ್ಟು ಓದು." ನೀವು ಪಾಲುದಾರಿಕೆ ಬಿಟ್ಟುಕೊಡುತ್ತಿದ್ದೀರಿ ಎಂದು ಇದ್ದದ್ದು ಆ ಪುಟದಲ್ಲೇ. ನಿಮಗೆ ಗೋಡೌನ್ ಬಾಡಿಗೆಯ ಕರಾರು ಎಂದೆ. ಸರಿಯಿದೆ ಎಂದೆ. ನೀವು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ರುಜು ಹಾಕಿದಿರಿ.

ವಿಷಯ ತಿಳಿದು ನೀವು ಕೇಸು ಹಾಕಿದಿರಿ. ಪತ್ರವನ್ನು ಓದಿ ಹೇಳಿದ್ದು ಯಾರು ಎಂದು ಅಪ್ಪನ ವಕೀಲರು ಕೇಳಿದಾಗ, ಹಿಂದಿನ ಬೆಂಚಿನಲ್ಲಿದ್ದ ನನ್ನತ್ತ ಒಮ್ಮೆ ನೋಡಿದಿರಿ. "ಯಾರೂ ಇಲ್ಲ ಸಾರ್. ಓದ್ದೆ ಹಾಕ್ಬಿಟ್ಟೆ." ಅವರಿಗೆ ಅಷ್ಟೇ ಸಾಕಾಯಿತು, ಕೇಸು ಬಿದ್ದುಹೋಯಿತು. ನಾನು ಎದ್ದು ನಿಲ್ಲಬಹುದಿತ್ತು. ಶೋಳಿಂಗನಲ್ಲೂರಿನ ನನ್ನ ಕೆಲಸ, ನನ್ನ ಹೆಸರು — ಅದನ್ನೇ ಯೋಚಿಸುತ್ತ ಕೂತಿದ್ದೆ.

ಹೋದ ಭಾನುವಾರ ಪಲ್ಲಾವರಂನ ನಿಮ್ಮ ಮನೆಗೆ ಬಂದು, ಅಪೀಲಿನಲ್ಲಿ ನಿಜ ಹೇಳುತ್ತೇನೆ ಎಂದೆ. ಹೇಳಿಯೇ ತೀರುತ್ತೇನೆ, ಅಪ್ಪ ಮನೆಗೆ ಸೇರಿಸದಿದ್ದರೂ ಸರಿ. ನೀವು ತಲೆಯೆತ್ತಲಿಲ್ಲ. ಚಿಕ್ಕಮ್ಮ ಸ್ಟೂಲು ಹತ್ತಿ ಗೋಡೆಯಿಂದ ಒಂದು ಫ್ರೇಮು ಇಳಿಸಿದರು. ನನ್ನ ಡಿಗ್ರಿ ಸರ್ಟಿಫಿಕೇಟು — ನೀವೇ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದು. ಅಂಗಡಿ ಬಿಡುವಾಗ ನೀವು ತಂದದ್ದು ಅದೊಂದೇ ಅಂತೆ. ಚಿಕ್ಕಮ್ಮ ಸೆರಗಿನಿಂದ ಗಾಜು ಒರೆಸಿ ನನ್ನ ಕೈಗಿಟ್ಟರು.

"ಕೋರ್ಟಲ್ಲಿ ಹೇಳೋದಾದ್ರೆ ಹೇಳು, ಬಿಟ್ರೆ ಬಿಡು. ಇದನ್ ಮಾತ್ರ ತಗೊಂಡ್ಹೋಗ್ಬಿಡಮ್ಮ. ಬಂದೋರ್ಗೆಲ್ಲಾ ಇವ್ರು 'ನಮ್ ಹುಡ್ಗಿ' ಅಂತ ಈಗ್ಲೂ ತೋರಿಸ್ತಾರೆ. ನಂಗೆ ಕೇಳಕ್ಕಾಗಲ್ಲ."